ಮೂರು ಗೇಣಿನ ರೈಲು

ನಮ್ಮಪ್ಪ ಬರ್ಮಿಂಗ್‌ಹ್ಯಾಮ್‌ಗೆ ಬಂದು ಮೂರು ವಾರ ಆಗಿತ್ತು, ಮನೇಲಿ ಕೂತು ಕೂತು ಬೇಜಾರಾಗಿ ಕಿಟಕಿ ಹತ್ರ ನಿಂತು ಕಸದ ಲಾರಿ ಎಷ್ಟು ಗಂಟೆಗೆ ಬರುತ್ತೆ, ಎದುರು ಮನೆಯವನು ನಾಯೀನ ಎಷ್ಟು ಸಲ ಹೊರಗೆ ಕರ್ಕೊಂಡು ಹೋಗ್ತಾನೆ ಅಂತ ಲೆಕ್ಕ ಇಡೋ ಮಟ್ಟಕ್ಕೆ ಬಂದಿದ್ರು. ಲಂಡನ್ ತೋರಿಸಿದ್ವಿ, ಕಾಲು ನೋವು ಅಂದ್ರು. ಅರಮನೆ ತೋರಿಸಿದ್ವಿ, ಮೈಸೂರೇ ವಾಸಿ ಅಂದ್ರು. ಕೊನೆಗೆ ಒಂದಿನ ರಾತ್ರಿ ನಾನು ಮೊಬೈಲಲ್ಲಿ ವೇಲ್ಸಿನ ಒಂದು ಪುಟಾಣಿ ಉಗಿಬಂಡಿ ವಿಡಿಯೋ ನೋಡ್ತಿದ್ದಾಗ ಹಿಂದಿಂದ ಬಗ್ಗಿ ನೋಡಿ "ಲೋ, ಇದು ನಮ್ ರೈಲಲ್ವೇನೋ" ಅಂದ್ರು.

ಅವರ ರೈಲು ಅಂದ್ರೆ ನಂದಿ ಹಾಲ್ಟ್ ರೈಲು. ಅಪ್ಪನ ಊರು ನಂದಿ ಬೆಟ್ಟದ ಬುಡ, ಹೈಸ್ಕೂಲು ಚಿಕ್ಕಬಳ್ಳಾಪುರ, ಓಡಾಟ ಎಲ್ಲಾ ನ್ಯಾರೋ ಗೇಜ್ ರೈಲಲ್ಲಿ. 1910ರ ದಶಕದಲ್ಲಿ ಹಾಕಿದ ಎರಡೂವರೆ ಅಡಿ ಅಗಲದ ಹಳಿ, ಬೆಂಗಳೂರಿಂದ ಯಲಹಂಕ, ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಆಮೇಲೆ ಬಂಗಾರಪೇಟೆ. ಏರು ಬಂದ್ರೆ ಹುಡುಗರೆಲ್ಲ ಇಳಿದು ಹುಣಸೆಕಾಯಿ ಕಿತ್ಕೊಂಡು ಓಡಿಬಂದು ಮತ್ತೆ ಹತ್ತುತ್ತಿದ್ರಂತೆ. ಈ ಕಥೆ ನಾನು ಚಿಕ್ಕೋನಿದ್ದಾಗಿಂದ ಕಮ್ಮಿ ಅಂದ್ರೂ ಇನ್ನೂರು ಸಲ ಕೇಳಿದೀನಿ. ಅವತ್ತು ರಾತ್ರಿನೇ ಟಿಕೆಟ್ ಬುಕ್ ಮಾಡಿದೆ. ಅಮ್ಮ, ನಾನು ಮೊಮ್ಮಗಳ ಜೊತೆ ಮನೇಲೇ ಇರ್ತೀನಪ್ಪ, ನೀವಿಬ್ರೇ ಹೋಗಿಬನ್ನಿ ಅಂದ್ರು.

ಶುಕ್ರವಾರ

ಹೋಗ್ಬೇಕಿದ್ದ ಊರು ಟವಿನ್, ವೇಲ್ಸಿನ ಪಶ್ಚಿಮ ಕರಾವಳಿ, ಅಲ್ಲಿಂದ ಹೊರಡೋ ರೈಲಿನ ಹೆಸರು ಟಾಲಥ್ಲಿನ್. ಈ ಹೆಸರನ್ನ ಸರಿಯಾಗಿ ಹೇಳ್ಬೇಕು ಅಂದ್ರೆ ನಾಲಿಗೇನ 'ಲ' ಹೇಳೋ ಜಾಗದಲ್ಲಿ ಇಟ್ಟು ಪಕ್ಕದಿಂದ ಗಾಳಿ ಊದ್ಬೇಕು, ನಾನು ಎಷ್ಟು ಊದಿದ್ರೂ ಎಂಜಲೇ ಬಂತು. ಬರ್ಮಿಂಗ್‌ಹ್ಯಾಮಿನ ನ್ಯೂ ಸ್ಟ್ರೀಟ್ ಸ್ಟೇಷನ್ನಿಂದ ನೇರ ರೈಲಿದೆ ಆದ್ರೆ ಅದು ಮಖಂಥ್ಲೆತ್ ಅನ್ನೋ ಊರಲ್ಲಿ ಎರಡು ತುಂಡಾಗುತ್ತೆ, ಒಂದರ್ಧ ಅಬರಿಸ್ಟ್‌ವಿತ್‌ಗೆ, ಇನ್ನರ್ಧ ಟವಿನ್ ಮೇಲೆ ಉತ್ತರಕ್ಕೆ. ನಾವು ಕೂತಿದ್ದು ತಪ್ಪು ಅರ್ಧದಲ್ಲಿ. ತಪ್ಪು ನಂದೇ, ಬೋರ್ಡಲ್ಲೂ ಇತ್ತು ಅನೌನ್ಸ್‌ಮೆಂಟಲ್ಲೂ ಹೇಳಿದ್ರು, ನಾನು ಚಟ್ನಿಪುಡಿ ಹಚ್ಚಿದ ಚಪಾತಿ ಬಿಚ್ಚೋದ್ರಲ್ಲಿ ಬಿಜಿ ಇದ್ದೆ. ಕಂಡಕ್ಟರಮ್ಮ ಟಿಕೆಟ್ ನೋಡಿ ಹೇಳ್ದಾಗ ಬ್ಯಾಗು, ಛತ್ರಿ, ನಿಪ್ಪಟ್ಟಿನ ಡಬ್ಬ ಎಲ್ಲಾ ಬಾಚ್ಕೊಂಡು ಪ್ಲಾಟ್‌ಫಾರಂ ಮೇಲೆ ಓಡಿ ಹಿಂದಿನ ಬೋಗಿ ಹತ್ತಿದ್ವಿ. ಅಪ್ಪ ಏದುಸಿರು ಬಿಡ್ತಾ "ಯಾವೂರೋ ಇದು" ಅಂದ್ರು. ಹೇಳಿದೆ. ಎರಡು ಸಲ ಹೇಳ್ಸಿ "ಹೋಗ್ಲಿ ಬಿಡು, ಮಂಚೇನಹಳ್ಳಿ ಅನ್ಕೋತೀನಿ" ಅಂದ್ರು. ಅಲ್ಲಿಂದ ಮುಂದಕ್ಕೆ ನಮ್ಮ ಪಾಲಿಗೆ ಅದು ಮಂಚೇನಹಳ್ಳಿನೇ.

ಅಲ್ಲಿಂದಾಚೆ ರೈಲು ನದಿ ಸಮುದ್ರ ಸೇರೋ ಅಂಚಲ್ಲೇ ಹೋಗುತ್ತೆ, ಕಿಟಕಿ ಕೆಳಗೇ ನೀರು. ಬೋರ್ಡುಗಳಲ್ಲೆಲ್ಲ ಮೊದಲು ವೆಲ್ಷ್, ಆಮೇಲೆ ಇಂಗ್ಲಿಷು. ರೋಡ್ ಮೇಲೆ ದೊಡ್ಡದಾಗಿ 'ಅರಾವ್' ಅಂತ ಬರೆದಿರ್ತಾರೆ, ನಿಧಾನ ಅಂತ ಅರ್ಥ. ಅಪ್ಪಂಗೆ ಇದು ತುಂಬಾ ಹಿಡಿಸ್ತು.

ಸಂಜೆ ಟವಿನ್ ತಲುಪಿದಾಗ ಜಿಟಿಜಿಟಿ ಮಳೆ. ಉಳ್ಕೊಂಡ ಜಾಗದಲ್ಲಿ ರೂಮಲ್ಲಿ ಹೀಟರ್ ಕೆಲ್ಸ ಮಾಡ್ತಿರಲಿಲ್ಲ, ಹೇಳಿದ್ರೆ ಮೇ ತಿಂಗಳಲ್ಲಿ ಹೀಟರ್ ಯಾಕೆ ಅನ್ನೋ ಥರ ನೋಡಿದ್ರು. ಅಪ್ಪ ಮಂಕಿ ಟೋಪಿ ಹಾಕ್ಕೊಂಡು ಮಲಗಿದ್ರು.

ಶನಿವಾರ

ಬೆಳಗ್ಗೆ ಒಂಬತ್ತಕ್ಕೆಲ್ಲ ವಾರ್ಫ್ ಸ್ಟೇಷನ್. ದೊಡ್ಡ ರೈಲಿನ ಸ್ಟೇಷನ್ನಿಂದ ನಡ್ಕೊಂಡೇ ಹೋಗ್ಬಹುದು. ವಾರ್ಫ್ ಅಂದ್ರೂ ಹಡಗು ನಿಲ್ಲೋ ಜಾಗ ಅಲ್ಲ. ಬೆಟ್ಟದಿಂದ ಬಂದ ಸ್ಲೇಟ್ ಕಲ್ಲನ್ನ ಚಿಕ್ಕ ರೈಲಿಂದ ಇಳಿಸಿ ದೊಡ್ಡ ರೈಲಿಗೆ ತುಂಬುತ್ತಿದ್ದ ಕಟ್ಟೆ. ಪಕ್ಕದಲ್ಲೇ ನ್ಯಾರೋ ಗೇಜ್ ಮ್ಯೂಸಿಯಂ ಇದೆ, ಡಬ್ಲಿನ್ನಿನ ಗಿನ್ನೆಸ್ ಬಿಯರ್ ಫ್ಯಾಕ್ಟರಿ ಒಳಗೆ ಓಡ್ತಿದ್ದ ಒಂದು ಕುಳ್ಳ ಇಂಜಿನ್ ನಿಲ್ಸಿದಾರೆ ನೋಡಿ, ಸಖತ್ತಾಗಿದೆ.

ಅಪ್ಪ ಮಾತ್ರ ಇಂಜಿನ್ ಕಡೆ ನೋಡಲೇ ಇಲ್ಲ. ಕಲ್ಲು ಸಾಗಿಸೋ ಒಂದು ಹಳೇ ವ್ಯಾಗನ್ನು ತುಂಡು ಹಳಿ ಮೇಲೆ ನಿಂತಿತ್ತು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಹಳಿ ಒಳಮೈಗೆ ಹೆಬ್ಬೆರಳು ಊರಿ ಕಿರುಬೆರಳು ಚಾಚಿ ಅಳೆಯೋಕೆ ಶುರು ಮಾಡಿದ್ರು. ಒಂದು, ಎರಡು, ಮೂರು. ಮೂರನೇ ಗೇಣಿಗೆ ಕಿರುಬೆರಳು ಆ ಕಡೆ ಹಳಿಗೆ ಸರಿಯಾಗಿ ತಾಗ್ತು. "ಮೂರು ಗೇಣು ಕಣೋ. ಒಂದೂವರೆ ಮೊಳ. ನಮ್ದು ಮೂರು ಗೇಣು ನಾಲ್ಕು ಬೆರಳು, ಚಿಕ್ಕವರಿದ್ದಾಗ ಅಳೆದಿದ್ವಿ." ನಾನು ಫೋನಲ್ಲಿ ಲೆಕ್ಕ ಹಾಕಿದೆ. ಗೇಣು ಅಂದ್ರೆ ಒಂಬತ್ತು ಇಂಚು, ಟಾಲಥ್ಲಿನ್ ಗೇಜು 2 ಅಡಿ 3 ಇಂಚು, ಅಂದ್ರೆ 27 ಇಂಚು, ಕರೆಕ್ಟಾಗಿ ಮೂರು ಗೇಣು. ನಮ್ಮ ಕೋಲಾರದ ಲೈನು 30 ಇಂಚು, ಉಳಿದ ಮೂರಿಂಚು ನಾಲ್ಕು ಬೆರಳು. ಮ್ಯೂಸಿಯಂನಲ್ಲಿದ್ದ ವಯಸ್ಸಾದ ವಾಲಂಟಿಯರ್ ಒಬ್ರು ಬಂದು ಏನಾಗ್ತಿದೆ ಅಂತ ಕೇಳಿದ್ರು, ನಾನು ವಿವರಿಸಿದೆ, ಅವರೂ ಕೈ ಚಾಚಿ ಅಳೆದ್ರು. ಅವರ ಕೈ ದೊಡ್ಡದು, ಎರಡೂಮುಕ್ಕಾಲಿಗೇ ಮುಗೀತು.

ರೈಲು ಹತ್ತಿದಾಗ ಇನ್ನೊಂದು ತಮಾಷೆ. ಬೋಗಿ ಅಂದ್ರೆ ಎದುರುಬದುರು ಮರದ ಬೆಂಚು, ಅಷ್ಟೇ. ಅಪ್ಪ ಗಾಳಿ ಬರ್ಲಿ ಅಂತ ಆ ಕಡೆ ಬಾಗಿಲು ತೆಗೆಯೋಕೆ ಹೋದ್ರು, ಬರ್ತಾ ಇಲ್ಲ, ಜಗ್ಗಿದ್ರು, ಊಹೂಂ. ಗಾರ್ಡ್ ನಕ್ಕು, ಅದು 1866ರಿಂದ ಮುಚ್ಚಿದೆ ಅಂದ್ರು.

ಕಥೆ ಏನಪ್ಪಾ ಅಂದ್ರೆ, ಲೈನು ಕಟ್ಟಿ ಮುಗಿಸಿ ಜನರನ್ನ ಹತ್ತಿಸ್ಕೊಳ್ಳೋಕೆ ಪರ್ಮಿಷನ್ ಕೇಳಿದಾಗ ಸರ್ಕಾರದ ಇನ್ಸ್‌ಪೆಕ್ಟರ್ ಕ್ಯಾಪ್ಟನ್ ಟೈಲರ್ ಬಂದು ನೋಡಿದ್ರೆ ಲೈನ್ ಮೇಲಿನ ಸೇತುವೆಗಳೆಲ್ಲ ಇಕ್ಕಟ್ಟು. ಬೋಗಿಗೂ ಸೇತುವೆ ಗೋಡೆಗೂ ಮಧ್ಯೆ ಎರಡೂ ಕಡೆ ಎರಡಡಿ ಜಾಗನೂ ಇಲ್ಲ. ಸುರಂಗದ ಥರ ಇರೋ ಸೇತುವೆ ಕೆಳಗೆ ರೈಲು ನಿಂತ್ರೆ ಜನ ಇಳಿಯೋದು ಹೆಂಗೆ? ಸೇತುವೆ ಒಡೆದು ಕಟ್ಟೋಕೆ ದುಡ್ಡೆಲ್ಲಿ? ಅದಕ್ಕೆ ಸೇತುವೆಗಳ ಕೆಳಗೆ ಹಳೀನ ಒಂದು ಪಕ್ಕಕ್ಕೆ ಸರಿಸಿ, ಇಕ್ಕಟ್ಟಾದ ಕಡೆ ಬಾಗಿಲುಗಳನ್ನ ಪರ್ಮನೆಂಟಾಗಿ ಬಂದ್ ಮಾಡಿದ್ರು. ಇವತ್ತಿಗೂ ಹಂಗೇ ಇದೆ. ಸ್ಟೇಷನ್ನುಗಳೂ ಎಲ್ಲಾ ಒಂದೇ ಕಡೆ. ಅದೇ ಟೈಲರು ಎರಡು ಇಂಜಿನ್ನಿಗೂ ತಕರಾರು ತೆಗೆದಿದ್ದ, ಒಂದು ಮೇಲೆ ಕೆಳಗೆ ಕುಣಿಯುತ್ತೆ, ಇನ್ನೊಂದು ಅಕ್ಕಪಕ್ಕ ವಾಲಾಡುತ್ತೆ ಅಂತ. ಕುಣಿಯೋ ಇಂಜಿನ್ ಹೆಸರೇ ಟಾಲಥ್ಲಿನ್, ಅದಕ್ಕೆ ಹಿಂದೆ ಎರಡು ಚಕ್ರ ಎಕ್ಸ್‌ಟ್ರಾ ಸೇರಿಸಿದ್ರು. ವಾಲಾಡೋದು ಡಾಲ್ಗಾಖ್. 1864, 1866ರಲ್ಲಿ ಇಂಗ್ಲೆಂಡಿನ ವೈಟ್‌ಹೇವನ್ನಲ್ಲಿ ಮಾಡಿದ ಆ ಎರಡೂ ಇಂಜಿನ್ನು ಇನ್ನೂ ಇಲ್ಲೇ ಇವೆ, ಮೊದಲ ಬೋಗಿಗಳೂ ಇವೆ, ಗಾರ್ಡ್ ವ್ಯಾನೂ ಇದೆ. ಆ ವ್ಯಾನಿಗೆ ಟಿಕೆಟ್ ಕೊಡೋ ಕಿಟಕಿ ಇದೆ, ಯಾಕಂದ್ರೆ ಮಧ್ಯದ ಸ್ಟೇಷನ್ನಲ್ಲಿ ಯಾರೂ ಇರ್ತಿರಲಿಲ್ಲ, ಬೋಗಿನೇ ಆಫೀಸು.

ರೈಲು ಹೊರಡ್ತು. ಏಳೂಕಾಲು ಮೈಲಿ ಹೋಗೋಕೆ ಹತ್ತತ್ರ ಒಂದು ಗಂಟೆ. ಊರು ಬಿಟ್ಟ ಮೇಲೆ ಬರೀ ಹಸಿರು, ಕುರಿ, ಕಲ್ಲುಗೋಡೆ. ಒಂದು ಕಡೆ ಬೇಲಿ ಅಂತ ಸ್ಲೇಟ್ ಹಲಗೆಗಳನ್ನ ಸಾಲಾಗಿ ನೆಟ್ಟು ತಂತಿ ಸುತ್ತಿದ್ರು, ಥೇಟ್ ನಮ್ಮ ದೇವನಹಳ್ಳಿ ಕಡೆ ದ್ರಾಕ್ಷಿ ತೋಟಕ್ಕೆ ಕಲ್ಲುಕಂಬ ನೆಡೋ ಥರ, ಅಪ್ಪಾನೇ ತೋರಿಸಿದ್ದು. ಡಾಲ್ಗಾಖ್ ಅನ್ನೋ ಸ್ಟೇಷನ್ ಹತ್ರ 51 ಅಡಿ ಎತ್ತರದ ಇಟ್ಟಿಗೆ ಸೇತುವೆ, ಕೆಳಗೆ ಕಾಡು ತೊರೆ. ಸ್ಟೇಷನ್ನಲ್ಲಿ ಇಂಜಿನ್ ನೀರು ಕುಡೀತು. ಹೊಗೆ ವಾಸನೆ ಒಳಗೆ ಬಂದಾಗ ಅಪ್ಪ ಕಣ್ಣು ಮುಚ್ಕೊಂಡ್ರು, ಮಸಿ ಕಣ್ಣಿಗೆ ಬಿತ್ತೇನೋ ಅಂತ ಕೇಳಿದೆ. "ಸುಮ್ನಿರೋ" ಅಂದ್ರು.

ಈ ಲೈನು ಹುಟ್ಟಿದ್ದು ನಮ್ಮ ಧಾರವಾಡಕ್ಕೂ ಗೊತ್ತಿರೋ ಕಾರಣಕ್ಕೆ. 1861ರಿಂದ 65ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ, ಹತ್ತಿ ಬರೋದು ನಿಂತೋಯ್ತು, ಮ್ಯಾಂಚೆಸ್ಟರ್ ಮಿಲ್ಲುಗಳು ಕಂಗಾಲು. ಅತ್ಲಾಗೆ ಧಾರವಾಡ ಸೀಮೆ ಹತ್ತಿಗೆ ಬಂಗಾರದ ರೇಟ್ ಬಂತು. ಇತ್ಲಾಗೆ ಮ್ಯಾಂಚೆಸ್ಟರಿನ ಮೆಕಾನಲ್ ಅನ್ನೋ ನೂಲಿನ ಮಿಲ್ಲಿನ ಮನೆತನದವರು ಹತ್ತಿನೇ ನಂಬ್ಕೊಂಡ್ರೆ ಆಗಲ್ಲ ಅಂತ ವೇಲ್ಸಿನ ಬೆಟ್ಟದ ಬ್ರಿನ್ ಎಗ್ಲುಯಿಸ್ ಸ್ಲೇಟ್ ಗಣಿಗೆ ದುಡ್ಡು ಹಾಕಿದ್ರು. ಅಲ್ಲೀ ತನಕ ಕುದುರೆ ಮೇಲೆ ಹೇರಿ ಸಮುದ್ರಕ್ಕೆ ಸಾಗಿಸ್ತಿದ್ದ ಕಲ್ಲಿಗೆ 1865ರಲ್ಲಿ ರೈಲು ಬಂತು. ಮನೆ ಮೇಲೆ ಹೊದಿಸೋ ಸ್ಲೇಟು ಅದು. ಅಪ್ಪ ಮೇಷ್ಟ್ರಾಗಿದ್ದವರು, ಸ್ಲೇಟು ಅಂದ್ರೆ ಬಳಪ ಇಲ್ವಾ ಅಂತ ಕೇಳಿದ್ರು.

ಕೊನೇ ಸ್ಟೇಷನ್ ನಾಂಟ್ ಗ್ವೆರ್ನೋಲ್. ಅಲ್ಲಿಗೆ ರೋಡೇ ಇಲ್ಲ, ರೈಲಲ್ಲಿ ಬರ್ಬೇಕು ಇಲ್ಲಾ ನಡೀಬೇಕು. ಗಣಿ ಲೈನಿನ ಆ ತುಂಡಿಗೆ ಪ್ಯಾಸೆಂಜರ್ ಗಾಡಿ ಬಂದಿದ್ದೇ 1976ರಲ್ಲಿ, ವಾಲಂಟಿಯರ್‌ಗಳೇ ಹಾಕಿದ್ದು. ಮೇಲೆ ಕಾಡಿನ ಮಧ್ಯ ಗಣಿಗೆ ಹೋಗೋ ಹಳೇ ಇಳಿಜಾರು ಕಾಣುತ್ತೆ. ನಾನು ಸ್ವಲ್ಪ ದೂರ ಹತ್ತಿ ವಾಪಸ್ ಬಂದೆ, ಮಳೆ, ಜಾರಿಕೆ, ಅಪ್ಪ ಕೆಳಗೆ ಒಬ್ರೇ. ಕೆಳಗಿನ ಊರು ಅಬರ್ಗನೋಲ್ವಿನ್, ಗಣಿ ಕೆಲಸಗಾರರ ಊರು, ರೈಲು ಬೆಟ್ಟದ ಮೇಲೆ ಊರು ಕೆಳಗೆ. ಹಗ್ಗ ಕಟ್ಟಿ ವ್ಯಾಗನ್ ಇಳಿಸೋ ಒಂದು ಇಳಿಜಾರು ಇತ್ತು, ಮನೆಗಳ ಹಿತ್ತಲಿಗೇ ಕಲ್ಲಿದ್ದಲು ಇಳಿಸ್ತಿದ್ರು, ವಾಪಸ್ಸು ಬರ್ತಾ ಬೂದಿ ಮತ್ತೆ ಕಕ್ಕಸಿನ ಮಲ ಹೇರ್ಕೊಂಡು ಬರ್ತಿದ್ರು. ಇದನ್ನ ಹೇಳಿದಾಗ ಅಪ್ಪ ತಿಂತಿದ್ದ ನಿಪ್ಪಟ್ಟು ಡಬ್ಬಕ್ಕೆ ವಾಪಸ್ ಹಾಕಿದ್ರು.

ವಾಪಸ್ ಬರ್ತಾ ನಮ್ಮ ಎದುರು ಕೂತಿದ್ದವರು ಬರ್ಮಿಂಗ್‌ಹ್ಯಾಮಿನವರೇ, ರಿಟೈರ್ಡು, ವರ್ಷಕ್ಕೆ ನಾಲ್ಕೈದು ಸಲ ಬಂದು ಇಲ್ಲಿ ಹಳಿ ಕೆಲಸ ಮಾಡ್ತಾರಂತೆ, ಹಳಿ ಕೆಳಗಿನ ಸ್ಲೀಪರ್ ಮರ ಬದಲಾಯಿಸೋದು, ಚರಂಡಿ ಬಿಡಿಸೋದು, ಜಲ್ಲಿ ಸಲಿಕೇಲಿ ಎಳೆಯೋದು. ಅಪ್ಪ ನನ್ನ ಕಡೆಯಿಂದ ಕೇಳ್ಸಿದ್ರು, ಸಂಬಳ ಎಷ್ಟು ಕೊಡ್ತಾರೆ? ಸಂಬಳ ಇಲ್ಲ, ನಾನೇ ವರ್ಷಕ್ಕಿಷ್ಟು ಅಂತ ಮೆಂಬರ್‌ಶಿಪ್ ಕಟ್ತೀನಿ ಅಂದ್ರು. "ದುಡ್ಡು ಕೊಟ್ಟು ಕೂಲಿ ಮಾಡ್ತಾರೇನೋ ಇವ್ರು?" ಅಂತ ಅಪ್ಪ ಅಂದಿದ್ದನ್ನ ನಾನು ಸ್ವಲ್ಪ ಮೆತ್ತಗೆ ಮಾಡಿ ಟ್ರಾನ್ಸ್‌ಲೇಟ್ ಮಾಡಿದೆ, ಅವರು ಜೋರಾಗಿ ನಕ್ಕು ಹೌದು ಅಂದ್ರು.

ಅವರಿಂದನೂ ಮ್ಯೂಸಿಯಂನಿಂದನೂ ತಿಳಿದಿದ್ದು ಸೇರಿಸಿ ಹೇಳ್ತೀನಿ. 1911ರಲ್ಲಿ ಗಣಿ, ರೈಲು ಎರಡನ್ನೂ ಕೊಂಡವರು ಹೆನ್ರಿ ಹೇಡನ್ ಜೋನ್ಸ್, ಟವಿನ್ನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದವರು, 1910ರಿಂದ 45ರ ತನಕ ಇದೇ ಕಡೆಯ ಎಂಪಿ. ಲಾಭ ಇರಲಿಲ್ಲ, ಆದ್ರೆ ನಾನು ಬದುಕಿರೋ ತನಕ ರೈಲು ಓಡುತ್ತೆ ಅಂತ ಮಾತು ಕೊಟ್ಟುಬಿಟ್ಟಿದ್ರು. 1946ರ ಡಿಸೆಂಬರ್ 26ಕ್ಕೆ ಗಣಿ ಒಳಗೆ ಕುಸಿದು ಕೆಲಸ ನಿಲ್ತು. ಸಾಗಿಸೋಕೆ ಕಲ್ಲೇ ಇಲ್ಲ, ಆದ್ರೂ ಯಜಮಾನ್ರು ರೈಲು ನಿಲ್ಲಿಸ್ಲಿಲ್ಲ, ಬೇಸಿಗೇಲಿ ವಾರಕ್ಕೆ ಎರಡು ಮೂರು ದಿನ, ಓಡೋ ಕಂಡೀಷನ್ನಲ್ಲಿದ್ದ ಒಂದೇ ಇಂಜಿನ್ನಲ್ಲಿ, ಅದೇ ವಾಲಾಡೋ ಡಾಲ್ಗಾಖ್. ಸ್ಲೀಪರ್‌ಗಳು ಕೊಳೆತು ಪುಡಿಯಾಗಿದ್ವು, ಹಳಿಗಳನ್ನ ಹಿಡ್ಕೊಂಡಿದ್ದು ಅವುಗಳ ಮಧ್ಯ ಬೆಳೆದ ಹುಲ್ಲಿನ ಬೇರು. ಹುಲ್ಲು ಕಿತ್ರೆ ಹಳಿ ಅಗಲ ಆಗಿಬಿಡುತ್ತೆ ಅಂತ ಕೀಳೋಕೂ ಹೆದರ್ತಿದ್ರಂತೆ. 1948ಕ್ಕೆ ಬ್ರಿಟನ್ನಿನ ರೈಲುಗಳೆಲ್ಲ ಸರ್ಕಾರದ ವಶ ಆದಾಗ ಇದನ್ನ ಪಟ್ಟಿಗೇ ಸೇರಿಸ್ಲಿಲ್ಲ. ಸೇರಿಸಿದ್ರೆ ಏನಾಗ್ತಿತ್ತು ಅನ್ನೋದನ್ನ ಮಾರನೇ ದಿನ ಕಾರಿಸ್ ಅನ್ನೋ ಊರಲ್ಲಿ ನೋಡಿದ್ವಿ, ಬರ್ತೀನಿ ಅದಕ್ಕೆ.

1950ರ ಜುಲೈನಲ್ಲಿ ಹೇಡನ್ ಜೋನ್ಸ್ ತೀರ್ಕೊಂಡ್ರು. ಮಾತು ಉಳಿಸ್ಕೊಂಡೇ ಹೋದ್ರು. ಅದೇ ವರ್ಷ ಅಕ್ಟೋಬರ್ 11ಕ್ಕೆ ನಮ್ಮ ಬರ್ಮಿಂಗ್‌ಹ್ಯಾಮಿನ ಇಂಪೀರಿಯಲ್ ಹೋಟೆಲಲ್ಲಿ ಟಾಮ್ ರೋಲ್ಟ್ ಅನ್ನೋರು ಮೀಟಿಂಗ್ ಕರೆದ್ರು, ಹಳೇ ಕಾಲುವೆಗಳನ್ನ ಉಳಿಸೋ ಸಂಘ ಕಟ್ಟಿದ್ದವರಲ್ಲಿ ಒಬ್ರು ಅವರು. ರೈಲಿನ ಹುಚ್ಚಿರೋ ಗುಮಾಸ್ತರು, ಇಂಜಿನಿಯರ್‌ಗಳು ಸೇರಿ ಈ ರೈಲು ನಾವೇ ಓಡಿಸ್ತೀವಿ ಅಂತ ಸೊಸೈಟಿ ಮಾಡಿದ್ರು. 1951ರ ಮೇ 14ಕ್ಕೆ ಮೊದಲ ಗಾಡಿ ಹೊರಡ್ತು, ಮಧ್ಯದ ರಿಡರೋನೆನ್ ಸ್ಟೇಷನ್ ತನಕ ಮಾತ್ರ. ವಾಲಂಟಿಯರ್‌ಗಳು ಓಡಿಸಿದ ಪ್ರಪಂಚದ ಮೊದಲ ರೈಲು ಅದು. ಮಕ್ಕಳಿಗೆ ರೈಲಿನ ಕಥೆ ಬರೆದು ಹೆಸರು ಮಾಡಿದ ಪಾದ್ರಿ ಒಬ್ರೂ ಶುರುವಿನ ವರ್ಷಗಳಲ್ಲಿ ಇಲ್ಲಿ ಗಾರ್ಡ್ ಕೆಲಸ ಮಾಡಿದಾರೆ. 2021ರಲ್ಲಿ ಯುನೆಸ್ಕೋದವರು ಈ ಭಾಗದ ಸ್ಲೇಟ್ ಸೀಮೆಯನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಈ ಲೈನೂ ಸೇರ್ತು.

ರಾತ್ರಿ ರೂಮಲ್ಲಿ ಅಪ್ಪ ಬಹಳ ಹೊತ್ತು ನಿದ್ದೆ ಮಾಡ್ಲಿಲ್ಲ. "ನಮ್ದು ಕೀಳೋವಾಗ ನಾನೂ ಹೋಗಿ ನೋಡ್ಕೊಂಡು ಬಂದೆ ಕಣೋ. ಹಳಿ ಲಾರಿಗೆ ತುಂಬ್ತಾ ಇದ್ರು. ಟೀ ಕುಡ್ಕೊಂಡು ನಿಂತು ನೋಡಿದ್ದಷ್ಟೇ, ಒಬ್ರೂ ಬಾಯಿ ಬಿಡ್ಲಿಲ್ಲ." ನಾನಂದೆ, ಅಪ್ಪಾ, ನೀವು ಬಾಯಿ ಬಿಟ್ಟು ಅದು ಉಳಿದಿದ್ರೆ ಇವತ್ತು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗೋರು ಹುಣಸೆಕಾಯಿ ಕಿತ್ಕೊಂಡೇ ಇರ್ಬೇಕಿತ್ತು. ಬ್ರಾಡ್ ಗೇಜ್ ಬೇಕೇ ಬೇಕಿತ್ತು, ಚಿಕ್ಕಬಳ್ಳಾಪುರ ಕೋಲಾರದ ಮಧ್ಯ ವರ್ಷಗಟ್ಟಲೆ ರೈಲೇ ಇಲ್ದೆ 2013ಕ್ಕೆ ದೊಡ್ಡ ಗಾಡಿ ಬಂದಾಗ ಜನ ಹಬ್ಬ ಮಾಡಿದ್ರು. ಇಲ್ಲಿ ಓಡೋದು ರಜಾ ಕಳೆಯೋಕೆ ಬಂದೋರ ಗಾಡಿ, ನಮ್ದು ಕಾಲೇಜು ಹುಡುಗರ ಗಾಡಿ. ಆದ್ರೂ ನಂದಿ ಹಾಲ್ಟಿಂದ ಚಿಕ್ಕಬಳ್ಳಾಪುರದ ತನಕ ಒಂದು ಹಳಿ ಪಕ್ಕದಲ್ಲೇ ಬಿಟ್ಟಿದ್ರೆ ಯಾರ ಗಂಟು ಹೋಗ್ತಿತ್ತು ಅಂತ ನಂಗೂ ಅನ್ಸುತ್ತೆ, ಬೆಟ್ಟಕ್ಕೆ ಬರೋ ಕಾರಿನ ಸಾಲು ನೋಡಿದಾಗಲೆಲ್ಲ. ಅದನ್ನ ಅಪ್ಪನ ಹತ್ರ ಹೇಳ್ಲಿಲ್ಲ. ಹಳೇ ಕಟ್ಟಡ ಉಳಿಸೋ ಸಂಸ್ಥೆ ಇಂಟ್ಯಾಕ್‌ನವರು ನಂದಿ ಹಾಲ್ಟ್ ಸ್ಟೇಷನ್ ಕಟ್ಟಡ ರಿಪೇರಿ ಮಾಡಿಸಿದಾರಲ್ಲ ಅಂದೆ. "ಹೂಂ, ಮನೆ ಚೆನ್ನಾಗಿದೆ" ಅಂದು ಆ ಕಡೆ ತಿರುಗಿ ಮಲಗಿದ್ರು.

ಭಾನುವಾರ

ಮಂಚೇನಹಳ್ಳಿಗೆ ವಾಪಸ್ ಬಂದು ಕಾರಿಸ್‌ಗೆ ಬಸ್ಸಿಗೆ ಕಾದ್ವಿ, ಕಾದ್ವಿ, ಭಾನುವಾರ ಬಸ್ಸು ಅಪರೂಪ, ಕೊನೆಗೆ ಟ್ಯಾಕ್ಸಿ. ಬೆಟ್ಟದ ಸಂದೀಲಿರೋ ಸ್ಲೇಟ್ ಊರು. ಇಲ್ಲಿ 1859ರಲ್ಲಿ ಕುದುರೆ ಎಳೆಯೋ ಟ್ರ್ಯಾಮ್ ಶುರುವಾಯ್ತು, ಇದೂ ಅದೇ ಮೂರು ಗೇಣು. ಇದನ್ನ 1930ರಲ್ಲಿ ಗ್ರೇಟ್ ವೆಸ್ಟರ್ನ್ ಅನ್ನೋ ದೊಡ್ಡ ಕಂಪನಿ ಕೊಂಡು ಮಾರನೇ ವರ್ಷನೇ ಪ್ಯಾಸೆಂಜರ್ ಗಾಡಿ ನಿಲ್ಲಿಸ್ತು, 1948ರ ಜನವರೀಲಿ ಸರ್ಕಾರದ ಪಾಲಾಯ್ತು, ನದಿ ಉಕ್ಕಿ ದಡ ಕೊರೀತು, ಆಗಸ್ಟಲ್ಲಿ ಬಾಗಿಲು ಹಾಕ್ತು. ಎಂಟು ತಿಂಗಳು. ನೆನ್ನೆ ಹೇಳಿದ್ದು ಇದನ್ನೇ.

ಮುಚ್ಚಿದ ಕಾರಿಸ್‌ನ ಕೊನೇ ಎರಡು ಇಂಜಿನ್ನು ಮಂಚೇನಹಳ್ಳಿ ಯಾರ್ಡಲ್ಲಿ ಬಿದ್ದಿದ್ವು. ಟಾಲಥ್ಲಿನ್‌ನವರು 1951ರಲ್ಲಿ ಒಂದಕ್ಕೆ 25 ಪೌಂಡ್ ಥರ ಎರಡನ್ನೂ ತಗೊಂಡ್ರು. ಮೂರನೇ ನಂಬರಿಗೆ ಸರ್ ಹೇಡನ್ ಅಂತ ಹೆಸರಿಟ್ರು, ಅಲ್ಲಿ ಓಡಿಸಿದ್ರೆ ಅದು ಹಳಿ ಮಧ್ಯಕ್ಕೆ ದೊಪ್ ಅಂತ ಇಳಿದುಬಿಡ್ತು, ಯಾಕಂದ್ರೆ ಅದರ ಚಕ್ರದ ಪಟ್ಟಿ ಕಿರಿದು, ಟಾಲಥ್ಲಿನ್ ಹಳಿ ಲೆಕ್ಕಕ್ಕಿಂತ ಚೂರು ಅಗಲ. "ಮೂರು ಗೇಣು ಒಂದು ಕೂದಲೆಳೆ ಅನ್ನು" ಅಂದ್ರು ಅಪ್ಪ. ಆಮೇಲೆ ಆ ಇಂಜಿನ್ನು ಅಲ್ಲೇ ವರ್ಷಗಟ್ಟಲೆ ಓಡ್ತು. ಇಲ್ಲಿನವರು ನಮ್ಮ ಇಂಜಿನ್ ವಾಪಸ್ ಕೊಡಿ ಅಂತ ಕೇಳ್ತಾ ಕೂರಲಿಲ್ಲ, ಹಳೇ ನಾಲ್ಕನೇ ನಂಬರಿನ ಮಾದರೀಲೇ 2005ಕ್ಕೆ ಹೊಸದೊಂದು ಮಾಡಿಸ್ಕೊಂಡ್ರು. ಮ್ಯೂಸಿಯಂ ಇರೋದು ರೈಲಿನ ಹಳೇ ಕುದುರೆ ಲಾಯದಲ್ಲಿ. 2002ರಿಂದ ಮತ್ತೆ ಜನ ಹತ್ತಿಸ್ಕೋತಾರೆ, ಒಂದು ಮೈಲಿನೂ ಇಲ್ಲ, ಇನ್ನೇನು ಕಾಲು ಚಾಚೋಣ ಅನ್ನೋಷ್ಟ್ರಲ್ಲಿ ಇಳೀರಿ ಅಂತಾರೆ. ನಂಗೆ ಟಾಲಥ್ಲಿನ್‌ಗಿಂತ ಇದೇ ಜಾಸ್ತಿ ಮನಸ್ಸಿಗೆ ಹಿಡಿಸ್ತು, ಯಾಕೆ ಅಂದ್ರೆ ಅಲ್ಲಿ ಉಳಿದಿದ್ದನ್ನ ಉಳಿಸ್ಕೊಂಡ್ರು, ಇಲ್ಲಿ ಏನೂ ಉಳಿದಿರಲಿಲ್ಲ, ಹಳಿನೂ ಕಿತ್ತಾಗಿತ್ತು.

ಶೆಡ್ಡಲ್ಲಿ ಒಬ್ಬ ಹುಡುಗ, ಹದಿನಾರು ಹದಿನೇಳಿರಬೇಕು, ಎಣ್ಣೆ ಬಟ್ಟೇಲಿ ಇಂಜಿನ್ನಿನ ರಾಡ್ ಒರೆಸ್ತಿದ್ದ. ಅಪ್ಪ ಹತ್ರ ಹೋಗಿ ಬಟ್ಟೆ ಕೊಡು ಅಂತ ಕೈ ಸನ್ನೆ ಮಾಡಿದ್ರು. ಹುಡುಗ ಒಂದು ಕ್ಷಣ ನನ್ನ ಕಡೆ ನೋಡಿ ಕೊಟ್ಟ. ಎಪ್ಪತ್ತಾರು ವರ್ಷದ ನಮ್ಮಪ್ಪ ಸ್ವೆಟರ್ ತೋಳು ಮೇಲಕ್ಕೇರಿಸಿ ಐದು ನಿಮಿಷ ರಾಡ್ ಒರೆಸಿದ್ರು, ಮೇಷ್ಟ್ರು ಬೋರ್ಡ್ ಒರೆಸೋ ಥರ, ಮೇಲಿಂದ ಕೆಳಕ್ಕೆ ಒಂದೇ ಸಮ. ಟ್ಯಾಕ್ಸಿಯವನು ಹಾರ್ನ್ ಹೊಡೆಯೋ ತನಕ ಬಿಡ್ಲಿಲ್ಲ.

ಸೋಮವಾರ

ವಾಪಸ್ ದಾರಿ. ಈ ಸಲ ಸರಿಯಾದ ಬೋಗೀಲೇ ಕೂತ್ವಿ. ಅಪ್ಪ ಉಗುರಲ್ಲಿ ಉಳಿದಿದ್ದ ಎಣ್ಣೆ ಮಸೀನ ಬರೋ ದಾರಿ ಪೂರ್ತಿ ನೋಡ್ಕೋತಾನೇ ಇದ್ರು, ಒರೆಸ್ಕೊಳ್ಳಿ ಅಂತ ಟಿಶ್ಯೂ ಕೊಟ್ರೆ ಮಡಿಸಿ ಜೇಬಿಗೆ ಹಾಕ್ಕೊಂಡ್ರು. ನ್ಯೂ ಸ್ಟ್ರೀಟಲ್ಲಿ ಇಳಿದು ನಾನು ಎಸ್ಕಲೇಟರ್ ಕಡೆ ಹೊರಟೆ, ತಿರುಗಿ ನೋಡಿದ್ರೆ ಅವರಿಲ್ಲ, ಪ್ಲಾಟ್‌ಫಾರಂ ಅಂಚಿನ ಹಳದಿ ಗೆರೆ ಹಿಂದೆ ನಿಂತು ಬಗ್ಗಿ ಎದುರಿನ ಖಾಲಿ ಹಳಿ ನೋಡ್ತಾ ಗಾಳೀಲಿ ಕೈ ಚಾಚ್ತಿದಾರೆ. ಗಾಬರಿಯಾಗಿ ಓಡಿಹೋಗಿ ತೋಳು ಹಿಡ್ಕೊಂಡೆ.

"ಆರು ಗೇಣು" ಅಂದ್ರು. "ಮೇಲೊಂದು ಮೂರು ಬೆರಳು ಇರ್ಬೇಕು, ನೋಡು ನಿನ್ನ ಫೋನಲ್ಲಿ."

ನೋಡಿದೆ. 4 ಅಡಿ ಎಂಟೂವರೆ ಇಂಚು. ಸರಿಯಾಗಿತ್ತು.